ಒಬ್ಬರು ಸಾಕಾಗುವ ಮನೆ

ಮನೆ ಕಟ್ಟುವವರು ಮೊದಲು ಸೈಟು ನೋಡುತ್ತಾರೆ, ನೀರು ನೋಡುತ್ತಾರೆ, ದಿಕ್ಕು ನೋಡುತ್ತಾರೆ. ನಮ್ಮ ಊರಿನಲ್ಲಿ ಇಷ್ಟೆಲ್ಲ ನೋಡಿದ ಮೇಲೆ, ನೆಂಟರಿಷ್ಟರಲ್ಲಿ ವಯಸ್ಸಾದವರು ಯಾರಿದ್ದಾರೆ ಎಂದು ನೋಡುತ್ತಾರೆ. ನಾನೂ ನೋಡಿದೆ. ಆಗ ಅದು ತಪ್ಪು ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ತಪ್ಪು ಅನ್ನಿಸಿತ್ತು, ಆದರೂ ನೋಡಿದೆ.

ನಮ್ಮದು ಚಳಿಯ ಊರು. ಒಲೆ ಹೊತ್ತಿಸಿದರೆ ಅನ್ನ ಬೇಯುತ್ತದೆ, ಹಂಡೆಯ ನೀರು ಕಾಯುತ್ತದೆ, ಕೋಣೆ ಮಾತ್ರ ಬೆಚ್ಚಗಾಗುವುದಿಲ್ಲ. ಕರೆಂಟಿನ ಹೀಟರು ಇಟ್ಟುಕೊಂಡರೆ ಚಾಚಿದ ಅಂಗೈ ಬಿಸಿಯಾಗುತ್ತದೆ, ಬೆನ್ನು ಕೊರೆಯುತ್ತಲೇ ಇರುತ್ತದೆ. ಕೆಳಗಿನ ಊರುಗಳಿಂದ ಕಂಪನಿಯವರು ವರ್ಷಕ್ಕೊಂದು ಹೊಸ ಯಂತ್ರ ಹೊತ್ತು ತಂದು, ಛತ್ರದಲ್ಲಿ ಎರಡು ದಿನ ನಡುಗಿ, ಬಂದ ಬಸ್ಸಿನಲ್ಲೇ ವಾಪಸು ಹೋಗುತ್ತಾರೆ. ಇಲ್ಲಿ ಮನೆಗೆ ಕಾವು ಬರುವುದು ಒಂದೇ ದಾರಿಯಲ್ಲಿ. ಒಂದು ಮನೆಯಲ್ಲಿ ಬಾಳಿದವರು ಅಲ್ಲೇ ಕಣ್ಣು ಮುಚ್ಚಿದರೆ ಹನ್ನೆರಡನೆಯ ದಿನ ಆ ಮನೆಗೆ ಅವರ ಕಾವು ಇಳಿಯುತ್ತದೆ. ಆಮೇಲೆ ಎರಡು ತಲೆಮಾರಿಗೆ ಯೋಚನೆಯಿಲ್ಲ. ಹಳೆಯ ಮನೆಗಳವರು ಪುಷ್ಯ ಮಾಸದಲ್ಲೂ ತೆಳುವಾದ ಸೀರೆ ಉಟ್ಟು ಓಡಾಡುತ್ತಾರೆ. ಹೊಸ ಮನೆಯವರು ಒಂದರ ಮೇಲೊಂದು ಮೂರು ಸ್ವೆಟರ್ ಹಾಕಿಕೊಂಡು, ನೋಡಲು ಬಂದವರಿಗೆ ಗ್ರಾನೈಟು ತೋರಿಸುತ್ತಾರೆ.

ಹೊಸ ಮನೆಗೆ ವಯಸ್ಸಾದವರನ್ನು ಕರೆತಂದು ಇಟ್ಟುಕೊಳ್ಳುವುದಕ್ಕೆ ನಮ್ಮಲ್ಲಿ ಕಾವಿಗೆ ಕೂರಿಸುವುದು ಎನ್ನುತ್ತಾರೆ. ಕೋಳಿಗೆ ಹೇಳುವ ಮಾತು. ಅವರ ಎದುರಿಗೆ ಯಾರೂ ಹಾಗೆ ಹೇಳುವುದಿಲ್ಲ. ಎದುರಿಗೆ, "ನಮ್ಮನೇಲೂ ನಾಲ್ಕು ದಿನ ಇದ್ದು ಹೋಗಿ" ಎನ್ನುತ್ತಾರೆ.

ನಾನು, ನನ್ನ ಗಂಡ ಗುರುಸಿದ್ದ, ಏಳು ವರ್ಷದ ಮಗಳು ಸುಧೆ, ಮೂವರೂ ಪೇಟೆ ಬೀದಿಯ ಬಾಡಿಗೆ ಮನೆಯಲ್ಲಿದ್ದೆವು. ಅಲ್ಲಿದ್ದದ್ದು ಮಾಲೀಕರ ಅಪ್ಪ ಅಮ್ಮನ ಕಾವು. ಅಪ್ಪನ ಕಾವು ನಡುಮನೆಯಲ್ಲಿ, ಅವರ ಆರಾಮ ಕುರ್ಚಿ ಇದ್ದ ಕಡೆ, ದಿವ್ಯವಾಗಿತ್ತು. ಅಮ್ಮ ನಲವತ್ತು ವರ್ಷ ಅಡಿಗೆಮನೆಯಲ್ಲಿ ದುಡಿದು ಅಲ್ಲೇ ಕುಸಿದು ಹೋದವರು. ಆ ಅಡಿಗೆಮನೆ ಮಾತ್ರ ಕಾಲಿಟ್ಟರೆ ಪಾದ ಮರಗಟ್ಟುವಷ್ಟು ತಣ್ಣಗೆ. "ಗಾರೆ ಸರಿಯಿಲ್ಲ, ಮೇಸ್ತ್ರಿ ಮೋಸ ಮಾಡ್ದ" ಎಂದು ಮಾಲೀಕರು ಅನ್ನುತ್ತಿದ್ದರು. ಇಂಥ ಅಡಿಗೆಮನೆಗಳು ಊರು ತುಂಬ ಇದ್ದವು, ಎಲ್ಲರೂ ಮೇಸ್ತ್ರಿಗಳನ್ನೇ ಬೈಯುತ್ತಿದ್ದರು. ರೊಟ್ಟಿ ತಟ್ಟುತ್ತಾ ನಾನೂ ಬೈದಿದ್ದೇನೆ.

ಸುಧೆಗೆ ಹುಟ್ಟಿನಿಂದಲೂ ಉಬ್ಬಸ. ಚಳಿ ತಗುಲಿದರೆ ಸಾಕು, ಎದೆಯಿಂದ ಸಿಳ್ಳೆಯಂಥ ಸದ್ದು ಶುರುವಾಗುತ್ತಿತ್ತು. ಆರಾಮ ಕುರ್ಚಿಯ ಜಾಗದಲ್ಲಿ ಹಾಸಿಗೆ ಹಾಕಿದರೆ ಮಗು ನೆಮ್ಮದಿಯಾಗಿ ಮಲಗುತ್ತಿತ್ತು. ಮಾಲೀಕರ ಮಗನಿಗೆ ಮದುವೆ ಗೊತ್ತಾಗಿ, "ಮುಂದಿನ ದೀಪಾವಳಿ ಮುಗಿದ ಮೇಲೆ ಮನೆ ಬಿಟ್ಟುಕೊಡಿ" ಎಂದು ಅವರು ಹೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಹಾಸಿಗೆಯ ಜಾಗ ಒಂದೇ. ಬೆಚ್ಚಗಿನ ಬಾಡಿಗೆ ಮನೆ ಬೇರೆ ಎಲ್ಲೂ ಸಿಗಲಿಲ್ಲ. ಕೆರೆಯ ಆಚೆ ನಮ್ಮದೊಂದು ಸೈಟಿತ್ತು. ಕಟ್ಟೋಣ ಎಂದೆ.

ಕಾವಿನ ಮೇಸ್ತ್ರಿ ಅಂತೋಣಿಯನ್ನು ಕರೆಸಿದೆವು. ಅವನು ಗೋಡೆ ಕಟ್ಟುವವನಲ್ಲ. ಕಟ್ಟಿದ ಗೋಡೆಯೊಳಗೆ ಕಾವು ನಿಲ್ಲುವ ಹಾಗೆ ಮಾಡುವವನು. ಕಿವಿಯ ಮೇಲೆ ಪೆನ್ಸಿಲ್, ಕಂಕುಳಲ್ಲಿ ಥರ್ಮಾಮೀಟರುಗಳ ಪೆಟ್ಟಿಗೆ. ನಕ್ಷೆಯನ್ನು ನೆಲದ ಮೇಲೆ ಹರಡಿಕೊಂಡು ಕೇಳಿದ.

"ಎಷ್ಟು ಜನ ಅಮ್ಮಾವ್ರೆ?"

"ಮೂರು ಜನ."

"ಇರೋರಲ್ಲ. ಹೋಗೋರು."

ನನ್ನ ಗಂಡ ಕೆಮ್ಮಿ, ಯಾರೋ ಕರೆದವರ ಹಾಗೆ ಎದ್ದು ಬೀದಿ ಬಾಗಿಲಿಗೆ ಹೋದ. "ಒಬ್ಬರು" ಎಂದೆ ನಾನು.

"ಹಂಗಾದ್ರೆ ಮನೇನ ಒಬ್ಬರಿಗೆ ತಕ್ಕ ಹಾಗೆ ಕಟ್ಬೇಕು" ಎಂದು ಅಂತೋಣಿ ಪೆನ್ಸಿಲ್ ತೆಗೆದ. "ನಿಮ್ಮ ಭಾವನೋರ ಮನೆ ನೋಡಿದ್ದೀರಲ್ಲ. ಹದಿನಾಲ್ಕಡಿ ಸೂರು, ಹದಿನಾರು ಕಿಟಕಿ, ನಡುಮಧ್ಯ ಮೆಟ್ಟಿಲು. ಇಬ್ಬರು ಹೋದ್ರು ಅಲ್ಲಿ, ಇನ್ನೂ ಮಹಡಿ ಮೇಲೆ ಕಂಬಳಿ ಹೊದ್ಕೊಂಡೇ ಊಟ ಮಾಡ್ತಾರೆ. ಮೂರನೆಯವರನ್ನ ಹುಡುಕ್ತಾ ಇದ್ದಾರೆ. ನಿಮಗೆ ಆ ಪಾಡು ಬೇಡ. ಸೂರು ಒಂಬತ್ತಡಿ. ಎರಡು ಗೋಡೆ, ನಡುವೆ ಭತ್ತದ ಹೊಟ್ಟು ತುಂಬೋಣ. ಕಿಟಕಿಗೆ ಎರಡು ಪದರ ಗಾಜು, ಕೂರಿಸಿ ಮೆತ್ತಿಬಿಡೋಣ. ಗವಾಕ್ಷಿ ಗಿವಾಕ್ಷಿ ಏನೂ ಬೇಡ. ಆಗ ಒಬ್ಬರು ಸಾಕು. ಸಣ್ಣ ಜೀವ ಆದ್ರೂ ಸಾಕು."

"ಅಷ್ಟು ಮುಚ್ಚಿಬಿಟ್ರೆ ಉಸಿರು ಕಟ್ಟಲ್ವಾ?"

"ಕಟ್ಟುತ್ತೆ. ಗೋಡೆ ಬೆವರುತ್ತೆ, ಬೂಷ್ಟು ಹಿಡಿಯುತ್ತೆ. ಉಬ್ಬಸದ ಮಗೂಗೆ ಚಳಿಗಿಂತ ಅದೇ ಕೆಟ್ಟದ್ದು. ಅದಕ್ಕೇ ಗಾಳಿಪೆಟ್ಟಿಗೆ."

ಗಾಳಿಪೆಟ್ಟಿಗೆಯ ಪುಸ್ತಕಗಳನ್ನು ಅವನು ನನ್ನ ಮುಂದೆ ಇಟ್ಟ. ಒಳಗಿನ ಹಳೆಯ ಗಾಳಿ ಹೊರಗೆ ಹೋಗುವುದಕ್ಕೊಂದು ಕೊಳವೆ, ಹೊರಗಿನದು ಬರುವುದಕ್ಕೊಂದು. ಪೆಟ್ಟಿಗೆಯೊಳಗೆ ಎರಡೂ ಒಂದರ ಮಗ್ಗುಲಿಗೆ ಒಂದು ಹಾದು ಹೋಗುತ್ತವೆ, ಬೆರೆಯುವುದಿಲ್ಲ. ಹೋಗುವ ಗಾಳಿ ತನ್ನ ಕಾವನ್ನು ಬರುವ ಗಾಳಿಗೆ ಕೊಟ್ಟು ಬರಿಗೈಯಲ್ಲಿ ಹೋಗುತ್ತದೆ. ನೂರಕ್ಕೆ ತೊಂಬತ್ತು ಪಾಲು ಮನೆಯಲ್ಲೇ ಉಳಿಯುತ್ತದೆ, ಕರೆಂಟು ಒಂದು ಸಣ್ಣ ಬಲ್ಬಿಗೆ ಬೇಕಾದಷ್ಟು. ನನಗೆ ಆ ಏರ್ಪಾಡು ತುಂಬ ಹಿಡಿಸಿತು. ಮೂರು ವಾರ ಆ ಪುಸ್ತಕಗಳನ್ನು ಓದಿದೆ. ಯಾವುದು ಸದ್ದು ಕಡಿಮೆ ಮಾಡುತ್ತದೆ, ಯಾವುದರ ಜಾಲರಿ ತೊಳೆಯಬಹುದು, ಯಾವುದರ ಬಾಯಿ ಎಲ್ಲಿಗೆ ಬಂದರೆ ಎಲ್ಲ ಕೋಣೆಗೂ ಸಮವಾಗಿ ಹಂಚುತ್ತದೆ, ಎಲ್ಲ ಬಾಯಿಪಾಠವಾಯಿತು. ಎರಡು ಅಂಗಡಿಗೆ ಹೋಗಿ ಪೆಟ್ಟಿಗೆಗೆ ಕಿವಿಯಿಟ್ಟು ಕೇಳಿ ಬಂದೆ. ಪೆಟ್ಟಿಗೆ ಆರಿಸಲು ಮೂರು ವಾರ ಹಿಡಿಯಿತು. ಮನುಷ್ಯರನ್ನು ಆರಿಸಿದ್ದು ಒಂದು ಸಂಜೆ, ಕಾಫಿ ಕುಡಿಯುತ್ತಾ.

ನನ್ನ ಗಂಡನಿಗೆ ಚೆನ್ನಾಜಮ್ಮ ಎಂದು ಒಬ್ಬ ಸೋದರತ್ತೆ ಇದ್ದರು. ಗಂಡ ತೀರಿಕೊಂಡ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಅವನ ಗೋಲಿ ಸೋಡದ ಅಂಗಡಿಯನ್ನು ತಾವೇ ನಡೆಸಿದವರು. ಮಕ್ಕಳಿಲ್ಲ. ಡ್ರೈವರು ಕಂಡಕ್ಟರುಗಳ ಜೊತೆ ಅವರದೇ ಭಾಷೆಯಲ್ಲಿ ಮಾತಾಡುತ್ತಾರೆಂದು ಮನೆತನದವರಿಗೆ ನಾಚಿಕೆ. ನನ್ನ ಮದುವೆಗೆ ಬಂದಾಗ ಅವರನ್ನು ಅಡಿಗೆಯವರ ಜೊತೆ ಕೊನೆಯ ಪಂಕ್ತಿಗೆ ಕೂರಿಸಿದ್ದು ನನಗೆ ನೆನಪಿದೆ. ಆಮೇಲೆ ಯಾವ ಶುಭಕ್ಕೂ ಕರೆದವರಿಲ್ಲ. ಅವರ ಹೃದಯಕ್ಕೆ ನೀರು ತುಂಬಿದೆ, ಸಂಕ್ರಾಂತಿ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿದ್ದೇ ತಡ, ಎಲ್ಲರಿಗೂ ಅತ್ತೆಯ ನೆನಪಾಯಿತು.

ನಾನು ಹೋದಾಗ ಅಂಗಡಿಯ ಹಿಂದಿನ ಕೋಣೆಯಲ್ಲಿ, ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಪಾದ ಊದಿಕೊಂಡಿತ್ತು. ಗೋಡೆಯ ಗೂಡಿನಲ್ಲಿ ಹಾರ್ಲಿಕ್ಸ್ ಡಬ್ಬಿ, ಸೇಬು, ಪ್ಲಾಸ್ಟಿಕ್ ಬಿಚ್ಚದ ಎರಡು ಸೀರೆ.

"ನೋಡೇ ಶಾಂಭವಿ, ಇನ್ನೊಂದು ಅಂಗಡಿ ತೆಗೆಯೋವಷ್ಟು ಬಂದಿದೆ" ಎಂದರು. "ಹದಿನಾರರಲ್ಲೂ ನನ್ನ ನೋಡೋಕೆ ಇಷ್ಟು ಜನ ಬಂದಿರ್ಲಿಲ್ಲ. ಎಪ್ಪತ್ತೆಂಟಕ್ಕೆ ಏನ್ ಕಾಲ ಕೂಡಿ ಬಂತಪ್ಪ ನಂಗೆ!"

ನಾನು ತಂದಿದ್ದ ದಾಳಿಂಬೆಯ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಿದ್ದೆ.

"ನಿಂಗ್ಯಾಕೆ ಬೇಕು ನಾನು?"

"ನೀವೊಬ್ಬರೇ ಇಲ್ಲಿರ್ತೀರಲ್ಲಾ ಅಂತ ಸಂಕಟ ಆಗುತ್ತೆ ಅತ್ತೆ."

"ಹೂಂ. ರುದ್ರಾಣಿನೂ ಅದೇ ಅಂದ್ಲು. ಸಂಕಟ ಅಂತ್ಲೇ ಅಂದ್ಲು." ರುದ್ರಾಣಿ ನನ್ನ ಓರಗಿತ್ತಿ, ಹದಿನಾರು ಕಿಟಕಿಯ ಮನೆಯವಳು. ಅತ್ತೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಇನ್ನೇನಾದರೂ ಹೇಳುತ್ತೇನೋ ಎಂದು ಕಾದಿದ್ದರು ಎಂದು ಈಗ ಅನ್ನಿಸುತ್ತದೆ. ನಾನು ಹೇಳಲಿಲ್ಲ. "ನಿನ್ನ ಮನೇಲಿ ಬಚ್ಚಲು ಹತ್ರ ಇದೆಯಾ?" ಎಂದು ಕೇಳಿದರು.

"ಎಂಟು ಹೆಜ್ಜೆ."

"ಅವಳ ಮನೇಲಿ ಇಪ್ಪತ್ತು ಮೆಟ್ಟಿಲು. ನಿನ್ನಲ್ಲಿಗೇ ಬರ್ತೀನಿ. ಎರಡೇ ಎರಡು ಮಾತು. ಸಂಜೆಗೊಂದು ಸೋಡ ಕೊಡ್ಬೇಕು. ಕೂತ್ಕೊಳ್ಳೋಕೆ ಒಂದು ಕಿಟಕಿ ಕೊಡ್ಬೇಕು. ಐವತ್ತು ವರ್ಷ ಬಸ್ ಸ್ಟ್ಯಾಂಡಲ್ಲಿ ಕೂತೋಳು ನಾನು, ಗೋಡೆ ನೋಡ್ಕೊಂಡು ಸಾಯಲ್ಲ."

"ಎರಡಕ್ಕೂ ಏನ್ ಕಷ್ಟ ಅತ್ತೆ" ಎಂದೆ.

ದೀಪಾವಳಿ ಕಳೆದು ಗೃಹಪ್ರವೇಶವಾಯಿತು. ಮಾರನೆಯ ದಿನವೇ ಅತ್ತೆಯನ್ನು ಕರೆತಂದೆವು. ಹಾಲಿನ ನಡುವೆ, ಗಾಳಿಪೆಟ್ಟಿಗೆಯ ಬಾಯಿಯ ಕೆಳಗೆ, ಅಂತೋಣಿ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದ. ಮಂಚದ ನಾಲ್ಕು ಕಾಲು ಆ ಗುರುತಿನ ಮೇಲೆ ಇರಬೇಕು. ಅಲ್ಲಿಂದ ಕಾವು ಇಡೀ ಮನೆಗೆ ಸಮನಾಗಿ ಹಬ್ಬುತ್ತದೆ. ಅತ್ತೆ ಮಂಚದ ಕಡೆ ನೋಡಲೂ ಇಲ್ಲ. ಗೋಡೆ ಹಿಡಿದುಕೊಂಡು ನೇರ ಕಿಟಕಿಗೆ ಹೋದರು. ಚೌಕಟ್ಟಿನ ಮೇಲೆ ಕೆಳಗೆ ಬೆರಳಾಡಿಸಿದರು.

"ಇದರ ಚಿಲಕ ಎಲ್ಲಿದೆ?"

"ಅದು ತೆಗೆಯೋ ಕಿಟಕಿ ಅಲ್ಲ ಅತ್ತೆ."

"ಮತ್ಯಾಕೆ ಕಿಟಕಿ ಅಂತೀಯ?"

"ಬೀದಿ ಕಾಣುತ್ತಲ್ಲ."

"ಕಾಣುತ್ತೆ. ಕೇಳಲ್ಲ" ಎಂದು ಅವರು ಗಾಜಿಗೆ ಹಣೆ ಹಚ್ಚಿ ನಿಂತರು. ಹೊರಗೆ ಬಸ್ಸೊಂದು ಸದ್ದಿಲ್ಲದೆ ಹೋಯಿತು. ನಾನು ಅವರ ರಟ್ಟೆ ಹಿಡಿದು ಮಂಚಕ್ಕೆ ಕರೆತಂದೆ. ಹೊರಗೋಡೆಯ ಹತ್ತಿರ ಹೆಚ್ಚು ಹೊತ್ತು ಕೂರಿಸಬೇಡಿ, ಕಾವು ಗೋಡೆಗೆ ಅಂಟಿಬಿಡುತ್ತದೆ ಎಂದು ಅಂತೋಣಿ ಹೇಳಿ ಹೋಗಿದ್ದ. ಆಮೇಲೆ ಅವರು ಕಿಟಕಿಗೆ ಹೋಗುವುದು, ನಾನು ವಾಪಸು ಕರೆತರುವುದು ದಿನದ ಕೆಲಸವಾಯಿತು.

ಸುಧೆಯನ್ನು ಪೇಟೆಯಲ್ಲಿದ್ದ ನನ್ನ ಅಕ್ಕನ ಮನೆಯಲ್ಲಿ ಬಿಟ್ಟೆವು. ಕಾವಿಲ್ಲದ ಮನೆಯಲ್ಲಿ ಅವಳನ್ನು ಇಡುವ ಹಾಗಿರಲಿಲ್ಲ. ಕಾವಿಗೆ ಕೂತವರ ಹತ್ತಿರ ಮಕ್ಕಳನ್ನು ಬಿಡುವ ಪದ್ಧತಿಯೂ ನಮ್ಮಲ್ಲಿಲ್ಲ, ಮಕ್ಕಳು ಹಚ್ಚಿಕೊಂಡುಬಿಡುತ್ತಾರೆ. ಅಕ್ಕನ ಮನೆ ಬೆಚ್ಚಗಿತ್ತು, ಆದರೆ ಅವಳದೇ ನಾಲ್ಕು ಮಕ್ಕಳು. ಬೆಚ್ಚಗಿನ ಜಾಗಗಳೆಲ್ಲ ಅವರವು. ಭಾನುವಾರ ಹೋದಾಗ ಸುಧೆ ನನ್ನ ಸೆರಗು ಹಿಡಿದು, "ನಮ್ಮನೆ ಇನ್ನೂ ರೆಡಿ ಆಗ್ಲಿಲ್ವಾ?" ಎಂದು ಕೇಳುತ್ತಿದ್ದಳು. ಇನ್ನು ಸ್ವಲ್ಪ ದಿನ ಎನ್ನುತ್ತಿದ್ದೆ.

ಅತ್ತೆಯನ್ನು ನಾನು ಚೆನ್ನಾಗಿ ನೋಡಿಕೊಂಡೆ. ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಏಳು ಗಂಟೆಗೆ ಗಂಜಿ, ಎಂಟಕ್ಕೆ ಮಾತ್ರೆ, ಹನ್ನೊಂದಕ್ಕೆ ಬಿಸಿನೀರು, ಒಂದಕ್ಕೆ ಸೊಪ್ಪಿನ ಸಾರು ಅನ್ನ, ಮೇಲೊಂದು ಮಿಳ್ಳೆ ತುಪ್ಪ, ಮೂರಕ್ಕೆ ಕಾಲಿಗೆ ಎಣ್ಣೆ, ಐದಕ್ಕೆ ಸೋಡ. ಗೋಲಿ ಸೋಡ ತರಲು ಬಸ್ ಸ್ಟ್ಯಾಂಡಿನವರೆಗೆ ಹೋಗಬೇಕಾಗಿದ್ದರಿಂದ ಮೂಲೆಯಂಗಡಿಯ ಪ್ಲಾಸ್ಟಿಕ್ ಬಾಟಲಿಯದನ್ನು ತರುತ್ತಿದ್ದೆ. ಅತ್ತೆ ಒಂದು ಗುಟುಕು ಕುಡಿದು ಲೋಟ ಕೆಳಗಿಡುತ್ತಿದ್ದರು. ನೋಡಲು ಬಂದವರು, "ಹೊಟ್ಟೇಲಿ ಹುಟ್ಟಿದೋಳೂ ಹಿಂಗೆ ಮಾಡಲ್ಲ" ಎಂದು ಹೊಗಳಿದರು. ಏನನ್ನೂ ಕಡಿಮೆ ಮಾಡಲಿಲ್ಲ ನಾನು. ಆದರೆ ಕೊಟ್ಟು, ತೊಳೆದು, ಒರೆಸಿ, ಎದ್ದು ಹೋಗುತ್ತಿದ್ದೆ. ಆ ಮಂಚದ ಅಂಚಿನ ಮೇಲೆ ಕೆಲಸವಿಲ್ಲದೆ ಒಂದು ಸಲವೂ ಕೂರಲಿಲ್ಲ.

ನನ್ನ ಆರೈಕೆಗೆ ಅತ್ತೆ ಚೇತರಿಸಿಕೊಂಡರು. ಕಾಲಿನ ಊತ ಇಳಿಯಿತು, ಕೆನ್ನೆ ತುಂಬಿತು. ಸಂಕ್ರಾಂತಿ ದಾಟಿತು. ಶಿವರಾತ್ರಿಯೂ ದಾಟಿತು. ನಾನೂ ನನ್ನ ಗಂಡನೂ ಒಳಗೇ ಮಫ್ಲರು ಕಟ್ಟಿಕೊಂಡು ಓಡಾಡುತ್ತಿದ್ದೆವು. ಗಾಳಿಪೆಟ್ಟಿಗೆ ನಮ್ಮ ತಣ್ಣನೆಯ ಗಾಳಿಯನ್ನು ಹೊರಗೆ ಹಾಕಿ, ಹೊರಗಿನ ತಣ್ಣನೆಯ ಗಾಳಿಯನ್ನು ಒಳಗೆ ತಂದು, ನಿಯತ್ತಾಗಿ ಕೆಲಸ ಮಾಡುತ್ತಿತ್ತು. ರುದ್ರಾಣಿ ಫೋನು ಮಾಡಿ, "ಇನ್ನೂ ಗಟ್ಟಿಮುಟ್ಟಾಗಿದ್ದಾರಂತೆ? ಎಲ್ಲ ನಿನ್ನ ಕೈಗುಣ ಬಿಡು" ಎಂದು ನಕ್ಕಳು.

ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ನನ್ನ ಗಂಡ ತಟ್ಟೆ ನೋಡುತ್ತಾ, "ಅತ್ತೆಗೆ ತುಪ್ಪ ಸ್ವಲ್ಪ ಕಮ್ಮಿ ಮಾಡು. ಆ ವಯಸ್ಸಿಗೆ ಅರಗಲ್ಲ" ಎಂದ. ಅವನು ನನ್ನ ಮುಖ ನೋಡಲಿಲ್ಲ, ನಾನೂ ಅವನ ಮುಖ ನೋಡಲಿಲ್ಲ. ಮಾರನೆಯ ದಿನದಿಂದ ತುಪ್ಪ ಕಡಿಮೆ ಮಾಡಿದೆ. ನನ್ನ ಗಂಡ ಕೆಟ್ಟವನೆಂದು ಹೇಳಿ ನಾನು ತಪ್ಪಿಸಿಕೊಳ್ಳುವಂತಿಲ್ಲ, ಮಿಳ್ಳೆ ಇದ್ದದ್ದು ನನ್ನ ಕೈಯಲ್ಲಿ.

ಅದಾಗಿ ಎರಡು ದಿನಕ್ಕೆ ಬೆಳಿಗ್ಗೆ ಅಕ್ಕ ಫೋನು ಮಾಡಿದಳು. ಮಕ್ಕಳು ಜಾಗಕ್ಕೆ ಜಗಳವಾಡಿ ಸುಧೆಯನ್ನು ಬಾಗಿಲ ಹತ್ತಿರ ಮಲಗಿಸಿದ್ದಾರೆ, ಉಸಿರು ಸಿಕ್ಕದೆ ಆಸ್ಪತ್ರೆಗೆ ಒಯ್ದು ಈಗಷ್ಟೇ ವಾಪಸು ಕರೆತಂದಿದ್ದಾಳೆ. "ಈಗ ಪರವಾಗಿಲ್ಲ, ನೀನು ಓಡಿ ಬರ್ಬೇಡ. ಆದ್ರೆ ಎಷ್ಟು ದಿನ ಅಂತ ನಾನಾದ್ರೂ ಇಟ್ಕೊಳ್ಳಲಿ ಶಾಂಭವಿ?" ಎಂದಳು. ಫೋನಿಟ್ಟು ಬಚ್ಚಲಿಗೆ ಹೋದೆ. ಅತ್ತೆಯನ್ನು ಮೀಯಿಸುವ ಹೊತ್ತಾಗಿತ್ತು. ಎರಡು ಚೊಂಬು ಹೊಯ್ಯುವಷ್ಟರಲ್ಲಿ ಅವರು, "ಯಾಕೇ, ನೀರು ಇವತ್ತು ಉಗುರುಬೆಚ್ಚಗೂ ಇಲ್ಲ" ಎಂದರು.

ಚೊಂಬನ್ನು ಗೋಡೆಗೆ ಬೀಸಿ ಹೊಡೆದೆ.

"ನನ್ನ ಮಗಳು ಅಲ್ಲಿ ಉಸಿರಿಲ್ಲದೆ ಒದ್ದಾಡ್ತಿದ್ದಾಳೆ! ಯಾರದೋ ಮನೆ ಬಾಗಿಲಲ್ಲಿ ನಾಯಿಮರಿ ಹಂಗೆ ಮಲಗ್ತಿದ್ದಾಳೆ! ನಿಮಗೆ ನೀರು ಬೆಚ್ಚಗಿಲ್ವಾ? ದಿನದಿನಕ್ಕೆ ಗುಂಡುಗುಂಡಗೆ ಆಗ್ತಿದ್ದೀರಲ್ಲ, ಯಾವಾಗ ಹೋಗ್ತೀರಿ ನೀವು? ಸಂಕ್ರಾಂತಿ ಅಂದಿದ್ರಲ್ಲ ಡಾಕ್ಟ್ರು, ಯಾವಾಗ ಸಾಯ್ತೀರಿ?"

ಚೊಂಬು ಉರುಳುತ್ತಾ ಹೋಗಿ ಮೋರಿಯ ಹತ್ತಿರ ನಿಂತಿತು. ಅತ್ತೆ ಒದ್ದೆ ಕೂದಲನ್ನು ಮುಖದಿಂದ ಸರಿಸಿ ನನ್ನನ್ನು ನೋಡಿದರು. ಆಮೇಲೆ ನಕ್ಕರು. ಹಲ್ಲಿಲ್ಲದ ಬಾಯಿ ತುಂಬ ನಗು.

"ಅಂತೂ ಬಾಯಿ ಬಿಟ್ಟೆಯಲ್ಲೇ ತಾಯಿ! ನಾಲ್ಕು ತಿಂಗಳಾಯ್ತು, ಈ ಮನೇಲಿ ನನ್ನ ಜೊತೆ ಮಾತಾಡೋರು ಒಬ್ಬರೂ ಇಲ್ವಲ್ಲಾ ಅಂತಿದ್ದೆ."

ನಾನು ಬಚ್ಚಲಿನ ಹೊಸ್ತಿಲ ಮೇಲೆ ಕುಸಿದು ಕೂತು ಅಳತೊಡಗಿದೆ. ಅವರು ಟವೆಲು ಸುತ್ತಿಕೊಂಡು, ಗೋಡೆ ಹಿಡಿದು ಬಂದು, ನನ್ನ ಪಕ್ಕದಲ್ಲಿ ತುರುಕಿಕೊಂಡು ಕೂತರು. "ಹೋಗೋಕೆ ನಂಗೇನು ಬೇಜಾರಿಲ್ಲ ಕಣೆ. ಆದ್ರೆ ನೀನು ಗಡಿಯಾರ ನೋಡ್ಕೊಂಡು ಮಾತ್ರೆ ನುಂಗಿಸ್ತೀಯಲ್ಲ, ನಾನು ಹೆಂಗೆ ಹೋಗ್ಲಿ?" ಎಂದರು. ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು. ಮೂಗು ಒರೆಸಿಕೊಳ್ಳುತ್ತಾ ನಕ್ಕೆ.

"ಮಗೂಗೆ ಉಬ್ಬಸ ಬಂದಾಗ ಹೆಂಗೆ ಸದ್ದು ಬರುತ್ತೆ? ಸೋಡ ಬಾಟ್ಲಿಲಿ ಗೋಲಿ ಒತ್ತಿದಾಗ ಬರುತ್ತಲ್ಲ, ಹಂಗಾ?"

"ಹೂಂ. ಹಂಗೇ."

"ಅಯ್ಯೋ ಪಾಪ" ಎಂದು ಅವರು ತಮ್ಮ ಎದೆಯನ್ನೇ ನೀವಿಕೊಂಡರು. ನಮ್ಮ ಬಚ್ಚಲಿನ ಎದುರಿಗೇ ಹಿತ್ತಲ ಬಾಗಿಲು. ಅದನ್ನು ತೆಗೆಯುತ್ತಿದ್ದುದೇ ಅಪರೂಪ, ರಬ್ಬರು ಪಟ್ಟಿ ಹಾಕಿ ಬಿಗಿ ಮಾಡಿಸಿದ್ದೆ. ಆವತ್ತು ಏನನ್ನಿಸಿತೋ, ಎದ್ದು ಅದನ್ನು ಪೂರ್ತಿ ತೆಗೆದೆ. ಬಿಸಿಲು ಹೊಸ್ತಿಲವರೆಗೆ ಬಂತು. ಹಿಂದಿನ ರಸ್ತೆಯ ಸದ್ದೆಲ್ಲ ಒಳಗೆ ಬಂತು. ಅತ್ತೆ ಕಣ್ಣು ಮುಚ್ಚಿಕೊಂಡು ಕಿವಿಗೊಟ್ಟು, "ಇದು ಒಂಬತ್ತೂವರೆ ಬಸ್ಸು, ಎರಡನೇ ಗೇರು ಬೀಳಲ್ಲ ಇದಕ್ಕೆ, ಹತ್ತು ವರ್ಷದಿಂದ ಹಿಂಗೇ" ಎಂದರು. ನಾನು ಅವರ ಕಾಲನ್ನು ಮಡಿಲಿಗೆ ಎಳೆದುಕೊಂಡು ಉಗುರು ತೆಗೆದೆ. ಅದು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಸೋಡಕ್ಕೆ ಗ್ಯಾಸು ತುಂಬುವಾಗ ಬಾಟಲಿ ಸಿಡಿದು ಹೆಬ್ಬೆರಳು ಸೀಳಿದ ಕತೆ ಹೇಳಿದರು. ನನ್ನ ಮದುವೆಯ ಕೊನೆಯ ಪಂಕ್ತಿಯಲ್ಲಿ ಅಡಿಗೆಯವರು ಅವರಿಗೆ ಎರಡು ಹೋಳಿಗೆ ಹೆಚ್ಚಿಗೆ ಬಡಿಸಿದ್ದರಂತೆ. "ನೀನು ಅವತ್ತು ಹಸಿರು ಸೀರೇಲಿ ಚೆನ್ನಾಗಿ ಕಾಣ್ತಿದ್ದೆ, ಹತ್ರ ಬಂದು ಹೇಳೋಣ ಅಂದ್ರೆ ಬಿಡಲಿಲ್ಲ" ಎಂದರು.

ಅಷ್ಟರಲ್ಲಿ ಕೆಲಸಕ್ಕೆ ಹೋಗಿದ್ದ ಗುರುಸಿದ್ದ ಏನೋ ಮರೆತು ವಾಪಸು ಬಂದ. "ಬಾಗಿಲು ಹಾರು ಹೊಡೆದು ಕೂತಿದ್ದೀರಲ್ಲ! ಇಷ್ಟೆಲ್ಲ ಮಾಡಿಸಿದ್ದು ಯಾತಕ್ಕೆ?" ಎಂದ. ನಾನೇ ಎದ್ದು ಬಾಗಿಲು ಹಾಕಿದೆ. ಅತ್ತೆಯನ್ನು ನಡೆಸಿಕೊಂಡು ಹೋಗಿ ಗುರುತಿನ ಮಂಚದ ಮೇಲೆ ಮಲಗಿಸಿದೆ.

ಮಾರನೆಯ ದಿನದಿಂದ ನನಗೆ ಅವರ ಮುಖ ನೋಡಲು ಆಗಲಿಲ್ಲ. ಸಾಯಿ ಎಂದು ಬಾಯಿಬಿಟ್ಟು ಹೇಳಿದವಳು ನಾನು. ಆ ನಾಚಿಕೆಗೆ ಇನ್ನೂ ಅಚ್ಚುಕಟ್ಟಾಗಿ ಸೇವೆ ಮಾಡಿದೆ, ತುಪ್ಪವನ್ನೂ ಮೊದಲಿನಷ್ಟೇ ಹಾಕಿದೆ. ಅವರು ಎರಡು ಸಲ, "ಆ ಬಾಗಿಲ ಹತ್ರ ಕೂರೋಣ್ವೇನೇ?" ಎಂದು ಕೇಳಿದರು. ಎರಡು ಸಲವೂ,

"ನಾಳೆ ಅತ್ತೆ" ಎಂದೆ.

ಯುಗಾದಿ ಕಳೆದ ಮೂರನೆಯ ದಿನ ಸಂಜೆ ಐದಕ್ಕೆ ಸೋಡ ಲೋಟಕ್ಕೆ ಹೊಯ್ದುಕೊಂಡು ಬರುವಷ್ಟರಲ್ಲಿ ಅವರು ಹೋಗಿದ್ದರು. ಮಂಚ ಗುರುತಿನ ಮೇಲೇ ಇತ್ತು. ತಲೆ ಕಿಟಕಿಯ ಕಡೆ ತಿರುಗಿತ್ತು. ಮಣ್ಣಿಗೆ ಬಂದ ಅಂತೋಣಿ ಸೂರು ನೋಡಿ, ಮಂಚ ನೋಡಿ, "ಒಂದಂಗುಲ ಆಚೀಚೆ ಆಗಿಲ್ಲ ಅಮ್ಮಾವ್ರೆ" ಎಂದು ಮೆಲ್ಲಗೆ ಹೇಳಿದ. ರುದ್ರಾಣಿ ಎಲ್ಲರಿಗಿಂತ ಜೋರಾಗಿ ಅತ್ತಳು. ಆ ಅಳು ನಿಜವಾದದ್ದೇ, ಅವಳ ಮಹಡಿ ಇನ್ನೂ ತಣ್ಣಗಿತ್ತು.

ಹನ್ನೆರಡನೆಯ ದಿನ ಬೆಳಿಗ್ಗೆ ಸುಧೆಯನ್ನು ಮನೆಗೆ ಕರೆತಂದೆವು. ತೋಳಿಲ್ಲದ ತೆಳು ಫ್ರಾಕು ತೊಡಿಸಿದ್ದೆ, ಹುಚ್ಚಿ ನಾನು. ಅಂತೋಣಿ ಹಾಲಿನಲ್ಲಿ ಒಂದು, ಕೋಣೆಗಳಲ್ಲಿ ಒಂದೊಂದು, ಅಡಿಗೆಮನೆಯಲ್ಲಿ ಒಂದು ಥರ್ಮಾಮೀಟರು ತೂಗುಹಾಕಿ ಕಾದ. ಹತ್ತು ಗಂಟೆಯಾಯಿತು. ಹನ್ನೊಂದಾಯಿತು. ಗಾಜಿನ ಕೊಳವೆಯೊಳಗಿನ ಕೆಂಪು ಗೆರೆ ಕದಲಲಿಲ್ಲ. ಮಂಚ ಇದ್ದ ಜಾಗಕ್ಕೆ ಅಂಗೈ ಊರಿ ನೋಡಿದೆ, ಕಲ್ಲು ಕಲ್ಲಾಗಿಯೇ ಇತ್ತು. ಅಂತೋಣಿ ಗಾಳಿಪೆಟ್ಟಿಗೆಯ ಮುಚ್ಚಳ ಬಿಚ್ಚಿ ನೋಡಿ, ಕಿಟಕಿಯ ಅಂಚಿಗೆ ಊದುಬತ್ತಿ ಹಿಡಿದು ನೋಡಿ, "ಎಲ್ಲೂ ಒಂದು ಎಳೆ ಸೋರ್ತಿಲ್ಲ. ಎಲ್ಲ ಸರಿಯಾಗಿದೆ" ಎಂದ. ಸುಧೆ ನಡುಗುತ್ತಾ ಎರಡು ಕೈ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು. ಅವಳ ಎದೆಯ ಸಿಳ್ಳೆ ಶುರುವಾಯಿತು. ನನ್ನ ಗಂಡ ಮೇಸ್ತ್ರಿಯನ್ನು ಬೈಯತೊಡಗಿದ.

ಮುಖ ತೊಳೆದುಕೊಳ್ಳೋಣವೆಂದು ನಾನು ಬಚ್ಚಲಿಗೆ ಹೋದೆ. ಬರಿಗಾಲು ಹೊಸ್ತಿಲ ಮೇಲೆ ಬಿತ್ತು. ಅಲ್ಲಿ ಬೆಚ್ಚಗಿತ್ತು.

ಕಾಲು ಮುಂದಿಟ್ಟರೆ ತಣ್ಣಗೆ, ಹಿಂದಿಟ್ಟರೆ ತಣ್ಣಗೆ. ಹೊಸ್ತಿಲ ಎಡ ಅರ್ಧ, ಒಬ್ಬರು ಕೂರುವಷ್ಟು ಅಗಲ. ಅಂತೋಣಿಯನ್ನು ಕರೆದೆ. ಅವನು ಕುಕ್ಕರುಗಾಲಿನಲ್ಲಿ ಕೂತು ಥರ್ಮಾಮೀಟರು ಇಟ್ಟ. ಕೆಂಪು ಗೆರೆ ಸರಸರನೆ ಏರಿತು. ಹಳೆಯ ಮನೆಗಳಲ್ಲೂ ಅಷ್ಟು ಏರಿದ್ದನ್ನು ಕಂಡಿಲ್ಲ ಎಂದ.

"ಹಂಗಾದ್ರೆ ಪೆಟ್ಟಿಗೆ ಕೊಳವೆ ಇಲ್ಲಿಗೇ ಎಳೆಯಪ್ಪ, ಇಡೀ ಮನೆಗೆ ಹಂಚೋಣ" ಎಂದ ನನ್ನ ಗಂಡ.

"ಹಂಚಿದ್ರೆ ಯಾರಿಗೂ ಸಿಗಲ್ಲ ಸ್ವಾಮಿ" ಎಂದು ಅಂತೋಣಿ ನನ್ನ ಕಡೆ ತಿರುಗಿದ. "ಇಲ್ಲೇನು ನಡೆದಿತ್ತು ಅಮ್ಮಾವ್ರೆ?"

"ಒಂದಿನ ಜಗಳ ಆಡಿದ್ವಿ."

"ಎಷ್ಟು ಹೊತ್ತು?"

"ಅರ್ಧ ಗಂಟೆ ಇರಬಹುದು."

ಅವನು ಬರೆದುಕೊಳ್ಳಲು ಪೆನ್ಸಿಲ್ ತೆಗೆದ. ಬರೆಯಲಿಲ್ಲ, ಮತ್ತೆ ಕಿವಿಯ ಮೇಲೆ ಸಿಕ್ಕಿಸಿಕೊಂಡ. ಥರ್ಮಾಮೀಟರುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಗೆ ಹಾಕಿ, ಹೇಳದೆ ಹೊರಟುಹೋದ. ಐದು ತಿಂಗಳು ಅವರು ನನ್ನ ಮನೆಯಲ್ಲಿದ್ದರು. ದಿನಕ್ಕೆ ಅರ್ಧ ಗಂಟೆ ಆ ಮಂಚದ ಅಂಚಿನಲ್ಲಿ ಕೂತಿದ್ದರೆ ಎಷ್ಟಾಗುತ್ತಿತ್ತು ಎಂಬ ಲೆಕ್ಕ ನನ್ನ ತಲೆಯಲ್ಲಿ ಈಗಲೂ ನಡೆಯುತ್ತದೆ. ಬೀದಿಯವರೆಗೆ ಬೆಚ್ಚಗಿರುತ್ತಿತ್ತೋ ಏನೋ.

ಹಾಲಿನ ಕಿಟಕಿಯನ್ನು ಒಡೆಸಿ ಚಿಲಕವಿರುವ ಕಿಟಕಿ ಹಾಕಿಸಿದೆ. "ಕಾವು ಹೋಗುತ್ತೆ" ಎಂದ ಗುರುಸಿದ್ದ, ಅಭ್ಯಾಸಬಲದಿಂದ. "ಯಾವ ಕಾವು?" ಎಂದು ಕೇಳಿದೆ. ಈಗ ಬಸ್ಸಿನ ಸದ್ದು ಒಳಗೆ ಚೆನ್ನಾಗಿ ಕೇಳುತ್ತದೆ, ಕೇಳುವವರಿಲ್ಲ. ಹೊಸದಾಗಿ ಮನೆ ಕಟ್ಟುವವರು ಗಾಳಿಪೆಟ್ಟಿಗೆ ನೋಡಲು ಬರುತ್ತಾರೆ. ಯಾವ ಕಂಪನಿ, ಜಾಲರಿ ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು, ಮಂಚ ಎಲ್ಲಿ ಹಾಕಿದ್ದಿರಿ ಎಂದು ವಿಚಾರಿಸುತ್ತಾರೆ. ಮಂಚದ ಮಾತು ಬೇಡ, ಅವರ ಹತ್ತಿರ ಕೂತು ಮಾತಾಡಿ ಎಂದು ನಾನು ಹೇಳುತ್ತೇನೆ. ಅವರು ತಲೆದೂಗಿ, ದಿನಕ್ಕೆ ಎಷ್ಟು ಹೊತ್ತು ಮಾತಾಡಿದರೆ ಸಾಕಾಗುತ್ತದೆ ಎಂದು ಕೇಳುತ್ತಾರೆ.

ಸುಧೆಯ ಬಾಳು ಈಗ ಆ ಹೊಸ್ತಿಲ ಮೇಲೆ. ಅಲ್ಲೇ ಓದುತ್ತಾಳೆ, ಅಲ್ಲೇ ಊಟ, ಹಾಸಿಗೆಯ ತಲೆಭಾಗ ಅದಕ್ಕೇ ತಾಗಿಸಿ ಮಲಗಿಸುತ್ತೇವೆ. ಬಚ್ಚಲಿಗೆ ಹೋಗುವವರು ಅವಳನ್ನು ದಾಟಿ ಹೋಗಬೇಕು. ಅಲ್ಲಿರುವಷ್ಟು ಹೊತ್ತು ಉಸಿರಿಗೆ ಸದ್ದಿರುವುದಿಲ್ಲ. ನಿನ್ನೆ ಶಾಲೆಯಿಂದ ಬಂದು ಪುಸ್ತಕ ಹರಡಿಕೊಂಡವಳು, ನಾನು ಮಫ್ಲರು ಕಟ್ಟಿಕೊಂಡು ತರಕಾರಿ ಹೆಚ್ಚುತ್ತಿರುವುದನ್ನು ಕಂಡು, "ಅಮ್ಮ, ನೀನೂ ಬಾ. ಅಜ್ಜಿ ಜಾಗ ಬೆಚ್ಚಗಿದೆ, ಸ್ವಲ್ಪ ಹೊತ್ತು ಕೂತ್ಕೋ" ಎಂದು ಬಲಕ್ಕೆ ಸರಿದಳು. ಬೇಡವೆಂದೆ. ಕೈ ಹಿಡಿದೆಳೆದಳು. ಹೋಗಿ ಕೂತೆ. ಒಂದು ಗಳಿಗೆ ಕಣ್ಣು ಮುಚ್ಚಿದೆ. ಕಾಲಿನಿಂದ ಹಿಡಿದು ಬೆನ್ನಿನವರೆಗೆ ಬೆಚ್ಚಗೆ ಹತ್ತಿತು, ಪಕ್ಕದಲ್ಲಿ ಒದ್ದೆ ಕೂದಲಿನ ಅತ್ತೆ ತುರುಕಿಕೊಂಡು ಕೂತ ಹಾಗೇ ಅನ್ನಿಸಿತು. ಆ ಕಡೆ ತಣ್ಣನೆಯ ಕಲ್ಲಿನ ಮೇಲೆ ಕೂತಿದ್ದ ನನ್ನ ಮಗಳ ಎದೆಯಲ್ಲಿ ಗೋಲಿ ಒತ್ತಿದ ಹಾಗೆ ಸಣ್ಣಗೆ ಸದ್ದು ಶುರುವಾಯಿತು. ನಾನು ಎದ್ದೆ.